ಎಮ್ಮೆಯನ್ನು ಕೋಣ ಮಾಡಿದ್ದು

ದೇವನಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ಕಾಲಕ್ಕೆ ನನಗೊಂದು ಹುಚ್ಚಿತ್ತು: ಚೀನಾ ದೇಶದ ಹಳೇ ಜೇಡ್ ಎಂಬ ಹಸಿರು ಕಲ್ಲಿನಲ್ಲಿ ಕೆತ್ತಿದ ಪುಟ್ಟ ಪ್ರಾಣಿಗಳನ್ನು ಕೂಡಿಡುವುದು. ಬೆಂಗಳೂರಿನ ಚೀನೀ ಹಲ್ಲಿನ ಡಾಕ್ಟರೊಬ್ಬರ ಮೇಜಿನ ಮೇಲೆ ಒಂದು ಹಸಿರು ಕಪ್ಪೆ ಕೂತಿತ್ತು. ನೋವು ಮರೆಯಲೆಂದು ಅದನ್ನು ಸವರುತ್ತ ಕೂತವನಿಗೆ ಅಂಟಿಕೊಂಡ ಹುಚ್ಚು. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಗುಜರಿ ಅಂಗಡಿಗಳನ್ನೆಲ್ಲ ಅಲೆದು ಒಂದು ಮೀನು, ಒಂದು ಬಾತುಕೋಳಿ ಸಂಪಾದಿಸಿದ್ದೆ. ಅಷ್ಟೇ. ಅಷ್ಟಕ್ಕೇ ಜಂಬ ಮಾತ್ರ ಗಾಡಿ ತುಂಬ.

ಮೂರನೆಯದು ನಮ್ಮ ಬೀದಿಯಲ್ಲೇ ಇತ್ತು. ಎದುರು ಮನೆಯ ಯಜಮಾನರು ಎರಡನೇ ಮಹಾಯುದ್ಧಕ್ಕೆ ಮುಂಚೆ ಬರ್ಮಾದ ರಂಗೂನಿನಲ್ಲಿ ಚೀನೀ ವರ್ತಕನೊಬ್ಬನ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಬಾಂಬು ಬೀಳತೊಡಗಿ ಅವರು ಊರಿಗೆ ಹೊರಟಾಗ ಆ ವರ್ತಕ ಕೈಗಿತ್ತದ್ದು ಅಂಗೈಯಲ್ಲಿ ಹಿಡಿಸುವ ಒಂದು ಎಮ್ಮೆ. ಕಾಲು ಮಡಚಿ ಮಲಗಿ, ಯಾರೋ ಕರೆದರೇನೋ ಎಂಬಂತೆ ಕತ್ತು ಹೊರಳಿಸಿದ ಎಮ್ಮೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ದಸರಾಕ್ಕೆ ಸೊಸೆ ಗೊಂಬೆ ಕೂರಿಸಿದರೂ ಆ ಎಮ್ಮೆಯನ್ನು ಮಾತ್ರ ಅವರ ಹೆಂಡತಿಯೇ ತೊಳೆದು, ಒರೆಸಿ, ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರಿನ ನಡುವೆ ಇಡುತ್ತಿದ್ದರು.

ಕೇಳಿದ್ದರೆ ಆಕೆ ಕೊಡುತ್ತಿರಲಿಲ್ಲ. ಅದು ಗೊತ್ತಿದ್ದೇ ನಾನು ಬೇರೆ ದಾರಿ ಹಿಡಿದೆ. ಗೊಂಬೆ ನೋಡಲು ಹೋದವನು ಕೋಸಂಬರಿ ತಿನ್ನುತ್ತ, ಆಗಷ್ಟೇ ಹೊಳೆದವನ ಹಾಗೆ, "ಇದು ಎಮ್ಮೆ ಅಲ್ಲಮ್ಮ, ಕೋಣ. ಯಮನ ವಾಹನ. ಮನೇಲಿ ಕೂರಿಸ್ಬಾರ್ದು" ಅಂದೆ.

ಆ ಕಲ್ಲನ್ನು ನೋಡಿ ಎಮ್ಮೆಯೋ ಕೋಣವೋ ಅಂತ ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ. ಆದರೆ ಹೇಳಿದವನು ಮೇಷ್ಟ್ರು. ಮಾರನೆಯ ಬೆಳಿಗ್ಗೆ ಆಕೆಯೇ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು, ಓದಿದವರು ನೀವು, ಎಲ್ಲಾದರೂ ದೂರ ಸೇರಿಸಿಬಿಡಿ ಎಂದು ಕೊಟ್ಟುಹೋದರು. ನಾನು ಅದನ್ನು ಸೇರಿಸಿದ್ದು ನನ್ನ ಬೀರುವಿಗೆ, ಬಾತುಕೋಳಿಯ ಪಕ್ಕಕ್ಕೆ.

ಮುಂದಿನ ದಸರಾಕ್ಕೆ ಆ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ. ಯಾಕೆಂದು ಸೊಸೆಯನ್ನು ಕೇಳಿದೆ. ಅತ್ತೆಗೆ ಒಂದೇ ಕೊರಗು, ಯಮನ ವಾಹನವನ್ನು ತಾನೇ ವರ್ಷವರ್ಷ ಪೂಜೆ ಮಾಡಿ ಗಂಡನನ್ನು ಕಳುಹಿಸಿಕೊಟ್ಟೆ ಅಂತ, ಊಟವೂ ಸರಿಯಾಗಿ ಮಾಡುವುದಿಲ್ಲ ಎಂದರು. ಕದಿಯಲು ಹೋದದ್ದು ಒಂದು ಕಲ್ಲು. ಕದ್ದದ್ದು ಏನೆಂದು ಅವತ್ತು ತಿಳಿಯಿತು.

ಎಮ್ಮೆಯನ್ನು ತೆಗೆದುಕೊಂಡು ಹೋಗಿ ಆಕೆಯ ಮುಂದೆ ಇಟ್ಟೆ. ನಾನು ಹೇಳಿದ್ದು ಸುಳ್ಳು, ಆಸೆಬಿದ್ದು ಹೇಳಿದೆ, ಇದರಿಂದ ಯಾರಿಗೂ ಏನೂ ಆಗಿಲ್ಲ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೆ. ಆಕೆ ಕಲ್ಲನ್ನು ಮುಟ್ಟಲಿಲ್ಲ. ನನ್ನನ್ನೇ ನೋಡಿ ಸಣ್ಣಗೆ ನಕ್ಕರು.

"ನನ್ನ ಸಮಾಧಾನಕ್ಕೆ ಹೇಳ್ತಿದೀರ. ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ."

ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತ ಹೋದೆ. ಕೊನೆಗೆ ಸೋತು ಅದನ್ನು ಎತ್ತಿಕೊಂಡು ಹೊಸಿಲು ದಾಟುವಾಗ ಆಕೆ ಹಿಂದಿನಿಂದ ಕೇಳಿದರು: "ಮನೇಲಿ ಹೆಂಡ್ತಿ, ಮಗು ಚೆನ್ನಾಗಿದಾರಾ? ನನ್ನ ಪೀಡೆ ನೀವು ಹೊತ್ಕೊಂಡ್ರಲ್ಲ ಅಂತ, ಅವತ್ತಿಂದ ಸೋಮವಾರ ಸೋಮವಾರ ನಿಮ್ಮ ಮನೆಯವರ ಹೆಸರಲ್ಲಿ ಈಶ್ವರನ ಗುಡೀಲಿ ದೀಪ ಹಚ್ತಿದೀನಪ್ಪಾ."

ಚೆನ್ನಾಗಿದಾರೆ ಎಂದೆ. ತಿರುಗಿ ನೋಡಲು ಆಗಲಿಲ್ಲ.