ತಿರುಗಿ ನೋಡಿದಳು ಎಂಬ ಸಾಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಶ್ರಾವಣದ ಸೋಮವಾರ ಎಂದು ನನ್ನ ನೆನಪು, ಕಾರ್ತಿಕದ್ದೂ ಆಗಿದ್ದೀತು. ಕಂಪ್ಯೂಟರ್ ಪರದೆಯ ಮೇಲೆ ಕಂಡ ಒಂದು ಸಾಲಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದಕ್ಕೇ ದಿನಚರಿ. ಚನ್ನಗಿರಿಯಲ್ಲಿ ನಾನಿರುವುದು ಅವ್ವನ ಅಕ್ಕ, ನನ್ನ ದೊಡ್ಡಮ್ಮನ ಮನೆಯಲ್ಲಿ. ಅಲ್ಲಿಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಅದರಲ್ಲೇ ಬರೆಯುತ್ತೇನೆ. ಹೊನ್ನಾಳಿಯ ಕಾಲೇಜಿಗೆ ಬಸ್ ಹಿಡಿಯುವ ಅವಸರದಲ್ಲಿ ಬರೆದದ್ದನ್ನು ಮುಚ್ಚಲು ಮರೆಯುತ್ತಿದ್ದೆ. ಹಾಗಾಗಿ ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆಗೆ ತಾನಾಗಿ ಬೀಗ ಬೀಳುವಂತೆ ಸೆಟ್ಟಿಂಗ್ ಮಾಡಿದ್ದೆ. ಮಾಡಿದ್ದೇನೆ ಎಂದುಕೊಂಡಿದ್ದೆ. ಕಾದು ಕೂತಾಗ ಪರದೆ ಕಪ್ಪಾಯಿತು, ಸಮಾಧಾನದಿಂದ ಎದ್ದುಹೋದೆ.

ಆ ಸಂಜೆ ಹಿಂದೆ ಬರೆದ ಪುಟವೊಂದನ್ನು ಓದುತ್ತಿದ್ದೆ. ಚಿಕ್ಕವಳಾಗಿದ್ದ ನನ್ನನ್ನು ಅವ್ವ ದೊಡ್ಡಮ್ಮನ ಹತ್ತಿರ ಬಿಟ್ಟು, ನರ್ಸ್ ಕೆಲಸಕ್ಕೆಂದು ಜಗಳೂರಿಗೆ ಹೊರಟ ದಿನದ ಪುಟ. 'ಅವ್ವ ಬಸ್ ಹತ್ತಿದಳು. ತಿರುಗಿ ನೋಡಲಿಲ್ಲ' ಎಂದು ಬರೆದಿದ್ದೆ. ಈಗ ಅಲ್ಲಿ 'ಎರಡು ಸಲ ತಿರುಗಿ ನೋಡಿದಳು' ಎಂದಿತ್ತು.

ಇನ್ನೊಮ್ಮೆ ಓದಿದೆ. ನಾನೇ ಬರೆದು ಮರೆತೆನೇ? ಸಾಧ್ಯವಿಲ್ಲ. ಆ 'ನೋಡಲಿಲ್ಲ'ವನ್ನು ಇಷ್ಟು ವರ್ಷ ಹೊತ್ತು ತಿರುಗಿದವಳು ನಾನು.

"ಇದನ್ನ ಯಾರು ಮುಟ್ಟಿದ್ರು?"

ದೊಡ್ಡಮ್ಮ ವಿಭೂತಿ ಬಟ್ಟಲು ಹಿಡಿದೇ ಬಂದಳು. "ನಾನೇ ಕಣೆ. ಸೋಮವಾರ ಅಲ್ವಾ, ಕಂಪ್ಯೂಟರ್ ಒರೆಸಿ ವಿಭೂತಿ ಹಚ್ಚಾಕೆ ಹೋದೆ. ಮೌಸ್ ಅಲುಗಾಡ್ತು, ಬೆಳಕು ಬಂತು. ಓದ್ಕೋತ ಹೋದೆ."

"ಪಾಸ್‌ವರ್ಡ್ ಕೇಳಲಿಲ್ವಾ?"

"ನನ್ನ ಮನೇಲಿ ನನ್ನನ್ನ ಯಾರೇ ಕೇಳಾಕೆ?"

ದೊಡ್ಡಮ್ಮ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ನಮ್ಮ ಬೀದಿಯವರು ಇವತ್ತಿಗೂ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಅವಳಿಗೆ ತೋರಿಸುತ್ತಾರೆ. ಅದರಲ್ಲಿ ಬಿಟ್ಟುಹೋದ ಸೋದರಮಾವನ ಹೆಸರನ್ನು ಯಾರನ್ನೂ ಕೇಳದೆ ಸೇರಿಸುತ್ತಾಳೆ. ಯಾರೂ ತಕರಾರು ತೆಗೆಯುವುದಿಲ್ಲ. ನನ್ನ ದಿನಚರಿಯೂ ಅವಳಿಗೆ ಹಾಗೇ ಕಂಡಿರಬೇಕು.

ಸೆಟ್ಟಿಂಗ್ ತೆರೆದು ನೋಡಿದೆ. ಪರದೆ ಆರಿಸುವುದು ಬೇರೆ, ಬೀಗ ಹಾಕುವುದು ಬೇರೆ. ನಾನು ಮೊದಲನೆಯದನ್ನಷ್ಟೇ ಒತ್ತಿದ್ದೆ. ಇಷ್ಟು ದಿನ ಎಲ್ಲವೂ ತೆರೆದೇ ಬಿದ್ದಿತ್ತು. ಇನ್ನೆಷ್ಟು ಸಾಲುಗಳು ನನ್ನವಲ್ಲವೋ. ಎರಡನೆಯದನ್ನೂ ಒತ್ತಿ, ಕಾದು, ಮೌಸ್ ಅಲುಗಾಡಿಸಿದೆ. ಪಾಸ್‌ವರ್ಡ್ ಕೇಳಿತು.

"ನನಗೂ ಬೀಗನೇನೇ?" ಬೆನ್ನ ಹಿಂದೆ ದೊಡ್ಡಮ್ಮ.

"ಎಲ್ಲರಿಗೂ."

"ಹಂಗಾದ್ರೆ ಸೋಮವಾರ ವಿಭೂತಿ ಹೆಂಗೆ ಹಚ್ಚಲಿ?"

"ಬೀಗದ ಮೇಲೇ ಹಚ್ಚು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವ್ವ ಈಗಿಲ್ಲ. ಅಂದು ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು ನಿಂತಿದ್ದವಳು ದೊಡ್ಡಮ್ಮ ಒಬ್ಬಳೇ. ಸಾಲನ್ನು ನಾನು ಹಳೆಯ ಹಾಗೆ ತಿದ್ದಿಲ್ಲ, ಅವಳದ್ದನ್ನು ಒಪ್ಪಿಯೂ ಇಲ್ಲ. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೊರಟಾಗ ಕೇಳಿದೆ:

"ದೊಡ್ಡಮ್ಮ, ಅವ್ವ ತಿರುಗಿ ನೋಡಿದ್ದನ್ನ ನೀನು ಕಂಡ್ಯಾ, ಇಲ್ಲ ನನಗೋಸ್ಕರ ಬರೆದ್ಯಾ?"