ಸಾಹೇಬರ ಕಾರಿನ ಸಪ್ಪಳ

ಆಗ ನನಗ ಇಪ್ಪತ್ಮೂರು. ಅದಾಗಿ ಅರವತ್ತು ವರ್ಷದ ಮ್ಯಾಲಾತು. ಆದ್ರೂ ಆ ಕಾರಿನ ಸಪ್ಪಳ ನೆನಪಾದ್ರ ಇವತ್ತಿಗೂ ಸಿಟ್ಟ ಬರತೈತಿ.

ದಾಂಡೇಲಿಯೊಳಗ ಹಳಿಯಾಳ ರಸ್ತೆಗೆ ಹೊಂದಿ ನಮ್ಮದೊಂದು ತಗಡಿನ ಶೆಡ್ ಇತ್ತು. ಮುಂದಿನ ಅರ್ಧದಾಗ ನನ್ನ ಗಂಡ ಬಿದಿರಿನ ಲಾರಿ ರಿಪೇರಿ ಮಾಡತಿದ್ರು. ಹಿಂದಿನ ಅರ್ಧದಾಗ ಅವರು, ನಾನು, ನಮ್ಮತ್ತಿ, ಮೂರು ಮಂದಿ ಇರತಿದ್ವಿ. ನೀರು ಬೇಕಂದ್ರ ಹೊಳಿಗೇ ಹೋಗಬೇಕು. ಮಳಿಗಾಲದಾಗ ದಂಡಿ ಜಾರಿ ಎರಡು ಸಲ ಕೊಡಾ ಒಡಕೊಂಡಿದ್ದೆ, ಒಂದು ಸಲ ಮೊಣಕಾಲು.

ಕಾಗದದ ಗಿರಣಿಯೊಳಗ ಮೈಸೂರು ಕಡಿಯಿಂದ ಬಂದ ಒಬ್ಬ ಎಂಜಿನಿಯರ್ ಸಾಹೇಬರಿದ್ರು. ಲಗ್ನ ಆಗಿರಲಿಲ್ಲ. ಹೆಂಡತಿ ಬದಲಿ ಒಂದು ಕಾರು ಇಟ್ಟಕೊಂಡಿದ್ರು. ಗೋವಾದಿಂದ ತಂದದ್ದು, ಹಸರ ಬಣ್ಣದ್ದು. ರೇಸಿನ ಕಾರಂತ. ಎರಡ ಸೀಟು, ತಲಿ ಮ್ಯಾಲೆ ಏನೂ ಇಲ್ಲ, ನೆಲಕ್ಕ ಹೊಟ್ಟಿ ಹಚ್ಚಿ ಓಡೂದು. ಅದನ್ನ ತಗೊಂಡು ಜೋಯಿಡಾ ದಾಟಿ ಕುಂಬಾರವಾಡದ ತನಕ ಹೋಗಿ ಬರತಿದ್ರು. ಅಲ್ಲೇನು ಕೆಲಸ ಅಂದ್ರ ಏನೂ ಇಲ್ಲ. ರಸ್ತೇದಾಗ ತಿರುವು ಅದಾವಲ್ಲ, ಅದಕ್ಕ.

ತಿರುವಿನ್ಯಾಗ ಕಾರು ಒಂದು ಕಡೆ ವಾಲತೈತಿ ಅಂತ ಅವರಿಗೆ ಸಮಾಧಾನ ಇರಲಿಲ್ಲ. ಮುಂದಿನ ಎರಡೂ ಗಾಲಿ ನಡುವ ಒಂದು ಬಗ್ಗಿಸಿದ ಉಕ್ಕಿನ ರಾಡು ಇರತೈತಿ. ಅದು ದಪ್ಪ ಇದ್ದಷ್ಟು ಕಾರು ವಾಲೂದು ಕಡಿಮಿ. ಸಾಹೇಬರು ಮುಂಬಯಿಯಿಂದ ದಪ್ಪ ರಾಡು ತರಿಸಿದ್ರು. ಕಾರು, ರಾಡು ಎರಡೂ ನಮ್ಮ ಶೆಡ್ಡಿಗೆ ತಂದ ಬಿಟ್ಟು, ‘ನಾನು ಹದಿನೈದು ದಿನ ರಜೆ ಮೇಲೆ ಊರಿಗೆ ಹೋಗ್ತಿದೀನಿ. ಬರೋದ್ರೊಳಗೆ ಹಾಕಿಡಿ. ವರ್ಕ್‌ಶಾಪಿಗೆ ಒಬ್ಬ ಫಿಟ್ಟರ್ ಬೇಕು, ಬಂದ ಮಾರನೇ ದಿನ ಹೆಸರು ಕಳಿಸಬೇಕು. ನಿಮ್ಮ ಕೆಲಸ ನೋಡ್ತೀನಿ’ ಅಂದ್ರು.

ಫಿಟ್ಟರ್ ಅಂದ್ರ ಖಾಯಂ ನೌಕರಿ, ಅದರ ಕೂಡ ಕ್ವಾರ್ಟರ್ಸು, ಕ್ವಾರ್ಟರ್ಸಿನ್ಯಾಗ ನಳ. ನನಗ ಆ ರಾಡು ಬೇಕಾಗಿರಲಿಲ್ಲ, ನಳ ಬೇಕಾಗಿತ್ತು. ಅದೇ ಜಾಗಾಕ್ಕ ಬೆಳಗಾವಿಯಿಂದ ಒಬ್ಬ ಸರ್ಟಿಫಿಕೇಟ್ ಹಿಡಕೊಂಡು ಬಂದು ಕುಂತಿದ್ದ. ನಮ್ಮವರ ಹತ್ರ ಕಾಗದ ಇರಲಿಲ್ಲ, ಕೈಯಷ್ಟ ಇತ್ತು.

ಒಂದೇ ದಿವಸದಾಗ ರಾಡು ಹಾಕಿದ್ರು. ಸೇತುವಿ ತನಕ ಹೊಡಕೊಂಡು ಹೋಗಿ ಬಂದ್ರ ಕಿರ್ ಕಿರ್ ಅನ್ನಾಕತ್ತು. ಬೋಲ್ಟ್ ಬಿಗಿ ಮಾಡಿ ಮಲಗಿದ್ರು. ಬೆಳಗ್ಗೆದ್ದು ಹೊಡದ್ರ ಸಪ್ಪಳ ಇಲ್ಲ. ‘ನೋಡಿದೇನು?’ ಅಂತ ನನ್ನ ಮುಂದ ಮೀಸಿ ತಿರುವಿದ್ರು.

ಸಪ್ಪಳ ನಿಂತದ್ದು ಬಿಗಿ ಮಾಡಿದ್ದಕ್ಕಲ್ಲ. ನನ್ನ ಗಂಡನ ಮನಿತನ ಮೊದಲಿಂದ ಗಾಡಿ ಹೊಡಿಯೂ ಮನಿತನ. ಅವರ ಮನ್ಯಾಗ ಹೊತ್ತು ಹುಟ್ಟೂದ್ರಾಗ ಅಂಗಳಾ ಕಸಾ ಹೊಡದು, ಅಂಗಳದಾಗ ನಿಂತ ಗಾಡಿ ಕೀಲಿಗೆ ಎಣ್ಣಿ ಹಾಕೂದು ಸೊಸಿ ಕೆಲಸ. ನಮ್ಮತ್ತಿ ಹಾಕಿದ್ಲು, ನಾನೂ ಹಾಕತಿದ್ದೆ. ದಾಂಡೇಲಿಗೆ ಬಂದ ಮ್ಯಾಲೆ ಲಾರಿಯಿಂದ ಇಳಿಸಿದ ಕರಿ ಎಣ್ಣಿ ಪುಕ್ಕಟೆ ಸಿಗತಿತ್ತು, ಅದನ್ನ ಬಳಸತಿದ್ವಿ. ಈಗ ಅಂಗಳದಾಗ ನಿಂತದ್ದು ಕಾರು. ‘ರಾತ್ರಿ ಕಿರಗುಟ್ಟತಿತ್ತಲ್ಲ, ಅದಕ್ಕೂ ಒಂದೀಟು ಹಾಕು’ ಅಂದ್ಲು ಅತ್ತಿ. ರಾಡು ಕೂತ ಕಡೆ ಎರಡೂ ಬಾಜೂಕ ಅರಿವಿ ಅದ್ದಿ ಹಚ್ಚಿದೆ. ದಿನಾ ಹಚ್ಚಿದೆ. ಗಂಡಗ ಹೇಳಲಿಲ್ಲ. ಹೇಳೂದೇನೈತಿ, ಕಸಾ ಹೊಡದೆ ಅಂತ ಯಾರರ ಹೇಳತಾರೇನು?

ಒಂದು ವಾರಕ್ಕ ಬ್ಯಾರೆ ಸಪ್ಪಳ ಸುರುವಾತು. ಟಕ್. ತೆಗ್ಗು ಬಂದ್ರ ಟಕ್, ತಿರುವು ಬಂದ್ರ ಟಕ್ ಟಕ್.

‘ನೀ ಬಂದು ಕುಂಡ್ರು’ ಅಂದ್ರು ಇವರು. ‘ನಾ ಹೊಡೀತೇನಿ, ಎಲ್ಲಿಂದ ಬರತೈತಿ ನೀ ಕೇಳು. ನಮ್ಮವ್ವ ಬಾಯಾಗ ಗೊಣಗಿದ್ದೂ ನಿನಗ ಕೇಳತೈತಿ, ಇದು ಕೇಳೂದಿಲ್ಲೇನು?’

ಆ ಸೀಟಿನ್ಯಾಗ ಕುಂತ್ರ ಮೊಣಕಾಲು ಗದ್ದಕ್ಕ ಬರತಾವ. ಸೆರಗು ಹಾರಿ ಮಾರಿಗೆ ಬಡೀತೈತಿ. ನೀರಿಗೆ ಹೊಂಟ ಓಣಿ ಹೆಂಗಸರು ಕೊಡಾ ಇಳಿಸಿ ನಿಂತ್ರು.

‘ಏನವಾ, ಮೋಟಾರಿನ್ಯಾಗ ಹೊಂಟಿ? ಮುಂಡಗೋಡ ಸಂತಿಗೇನು?’

‘ಇಲ್ಲವಾ, ಸಪ್ಪಳ ಕೇಳಾಕ.’

‘ಅಯ್ಯ, ಅದಕ್ಯಾಕ ಅಷ್ಟು ದೂರ? ಇಲ್ಲೇ ನಿಂತ್ರ ಊರಿಗೆಲ್ಲಾ ಕೇಳತೈತಿ!’

ಹೊಂಟ್ವಿ. ಟಕ್.

‘ಎಲ್ಲಿಂದ ಬಂತು?’

‘ಮುಂದಿಂದ.’

‘ಮುಂದ ಅಂದ್ರ? ಎಡಕೋ ಬಲಕೋ?’

‘ಕೆಳಗ.’

‘ಕಾರಂದ್ರ ಎಲ್ಲಾ ಕೆಳಗೇ ಇರತೈತಿ!’

‘ಹಂಗಾರ ನೀವ ಕೇಳ್ರಿ, ನಾ ಹೊಡೀತೇನಿ.’

ದಿನಾ ಇದ ಹಾಡು. ಡಿಕ್ಕಿ ಖಾಲಿ ಮಾಡಿ ಜಾಕು, ಪಾನಾ ಎಲ್ಲಾ ಮನ್ಯಾಗಿಟ್ಟು ಹೊಡದ್ರು. ಟಕ್. ಸೈಲೆನ್ಸರ್ ತಂತೀಲೆ ಬಿಗದ್ರು. ಟಕ್. ಮುಂದಿನ ಗಾಲಿ ಎರಡೂ ಬಿಚ್ಚಿ ಹಾಕಿದ್ರು. ಟಕ್ ಟಕ್. ಬೋಲ್ಟ್ ಬಿಗಿ ಮಾಡಿ ಮಾಡಿ ಒಂದರ ತಿರುಪಿನ ಆಟೆ ಸವದು ಹೋತು. ಊಟಕ್ಕ ಕರದ್ರ ಕಾರಿನ ಕೆಳಗಿಂದ ಎರಡು ಕಾಲಷ್ಟ ಕಾಣತಿದ್ದವು. ನಾ ಆ ಕಾಲಿಗೇ ಮಾತಾಡಿ ರೊಟ್ಟಿ ಮುಚ್ಚಿಟ್ಟು ಬರತಿದ್ದೆ. ‘ಎಣ್ಣಿ ಕಡಿಮಿ ಆಗಿರಬೇಕು, ನೋಡು’ ಅಂದ್ಲು ಅತ್ತಿ. ನಾ ಮತ್ತಷ್ಟು ಹಚ್ಚಿದೆ. ಮರುದಿವಸ ಸಪ್ಪಳ ಮತ್ತಷ್ಟಾತು.

ಐತವಾರ ಮಧ್ಯಾಹ್ನ ಸಾಹೇಬರು ಬಂದಾರ ಅಂತ ಸುದ್ದಿ ಬಂತು. ನಾಳೆ ಹೆಸರು ಹೋಗತೈತಿ. ಇವರು ಪಾನಾ ನೆಲಕ್ಕ ಒಗದು, ‘ರಾಡು ಬಿಚ್ಚಿ ಹಳೇದೇ ಹಾಕತೇನಿ. ನನ್ನ ಕೈಲೆ ಆಗಲಿಲ್ಲ ಅಂತೇನಿ’ ಅಂದ್ರು.

‘ಹಂಗಂದ್ರ ನೌಕರಿ ಬೆಳಗಾವ್ಯಾಂವಗ ಹೋಗತೈತಿ.’

‘ಹೋಗಲಿ!’

ನಳ ಹೋಗಲಿ ಅಂದಂಗಾತು. ನನಗ ತಡಕೊಳ್ಳಾಕ ಆಗಲಿಲ್ಲ. ‘ನೀವು ಮ್ಯಾಲೆ ನಿಂತು ಕಾರು ಅತ್ತಾಗ ಇತ್ತಾಗ ಒತ್ರಿ’ ಅಂತ ಹೇಳಿ, ಸೀರಿ ಕಚ್ಚಿ ಸಿಗಿಸಿ ನಾನೇ ಕೆಳಗ ಹೊಕ್ಕೆ. ರಾಡು ಕೂತ ಪಟ್ಟಿ ಮ್ಯಾಲೆ ಕೈ ಇಟ್ಟೆ. ಇವರು ಒತ್ತಿದ್ರ ಒಳಗ ರಾಡು ಜಿಗದು ನನ್ನ ಅಂಗೈಗೆ ಬಡೀತು. ಟಕ್. ಪಟ್ಟಿ ಸಂದಿಗೆ ಬಟ್ಟು ಹಾಕಿದ್ರ, ರಾಡಿನ ಕೂಡ ಬಂದು ಅದರ ಸುತ್ತ ಕುಂತಿದ್ದ ರಬ್ಬರು ಉಬ್ಬಿ, ಮೆತ್ತಗಾಗಿ, ಬೆಂದ ಹಿಟ್ಟಿನಂಗ ಕಿತ್ತ ಬಂತು. ಮೂಸಿದೆ. ನನ್ನ ಎಣ್ಣಿ ವಾಸನಿ.

ಒಂದು ಗಳಿಗಿ ಅಲ್ಲೇ ಬಿದ್ದಿದ್ದೆ. ಮ್ಯಾಲಿಂದ ‘ಸತ್ತೇನು?’ ಅಂದ್ರು.

ಹೊರಗ ಬಂದು ಇದ್ದದ್ದ ಇದ್ದಂಗ ಹೇಳಿದೆ. ಕಬ್ಬಿಣದ ಕೀಲಿಗೆ ಎಣ್ಣಿ ಬೇಕು, ರಬ್ಬರಿಗೆ ಅದ ವಿಷ ಅಂತ ಅವರು ಬಾಯಿ ಬಡಕೊಂಡ್ರು. ‘ಯಾರು ಹೇಳಿದ್ರು ನಿನಗ ಹಚ್ಚಂತ?’ ಅಂದ್ರು. ನಾ ಅತ್ತಿ ಕಡೆ ನೋಡಿದೆ. ಅತ್ತಿ ಅಡಕಿ ಕತ್ತರಸಕೋತ, ‘ನಾ ಏನೂ ಅಂದಿಲ್ಲಪಾ’ ಅಂದ್ಲು.

ಮುಂಬಯಿಯಿಂದ ರಬ್ಬರು ಬರಾಕ ತಿಂಗಳು ಬೇಕು. ಲಾರಿ ಟಾಯರ್ ಕೊರದು ಮಾಡಬಹುದು ಅಂತ ಅವರಿಗೆ ಗೊತ್ತಿತ್ತು, ಆದ್ರ ಕೈ ಹಚ್ಚಲಿಲ್ಲ. ನಾಚಿಕಿ ತಿಂದಿತ್ತು. ‘ಮುಂಬಯಿ ರಬ್ಬರೇ ಕೊಳತದ್ದು ಬಂದಿತ್ತು ಅಂತ ಹೇಳತೇನಿ’ ಅಂದ್ರು.

‘ಸಾಹೇಬರಿಗೆ ಮೂಗಿಲ್ಲೇನು?’

‘ಮತ್ತ ಹೆಂಡತಿ ಎಣ್ಣಿ ಹಾಕಿದ್ಲು ಅಂತ ಹೇಳ್ಲ್ಯಾ? ವರ್ಕ್‌ಶಾಪಿನ್ಯಾಗ ಎಲ್ಲಾರೂ ನಗಲ್ಯಾ?’

ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ರು. ರೊಟ್ಟಿ ಮುಟ್ಟಲಿಲ್ಲ. ನಾ ತಿಂದೆ.

ಮರುದಿವಸ ಬೆಳಗ್ಗೆ ಕಸಾ ಹೊಡೀಲಿಲ್ಲ, ಹೊಳಿಗೂ ಹೋಗಲಿಲ್ಲ. ಇವರು ಬಿಚ್ಚಿ ಒಗದಿದ್ದ ಕೆಟ್ಟ ರಬ್ಬರು ಎರಡೂ ಮುತ್ತಲ ಎಲ್ಯಾಗ ಸುತ್ತಿಕೊಂಡು ಸಾಹೇಬರ ಬಂಗ್ಲೆಕ್ಕ ನಡದೆ. ಅವರು ಪಡಸಾಲ್ಯಾಗ ಗಲ್ಲಕ್ಕ ಸಾಬಾಣ ಹಚ್ಚಿಕೊಂಡು ದಾಡಿ ಮಾಡಾಕತ್ತಿದ್ರು. ಎಲಿ ಬಿಚ್ಚಿ ಮುಂದಿಟ್ಟು, ‘ಸಾಹೇಬ್ರ, ರಾಡು ನಮ್ಮವರು ಬರೋಬ್ಬರಿ ಹಾಕ್ಯಾರ್ರೀ. ಹಾಳು ಮಾಡಿದಾಕಿ ನಾನು’ ಅಂತ ಎಲ್ಲಾ ಹೇಳಿದೆ. ಅವರು ರಬ್ಬರು ಹಿಚುಕಿ ನೋಡಿದ್ರು, ಮೂಸಿದ್ರು. ಗಲ್ಲದ ಮ್ಯಾಲಿನ ಸಾಬಾಣ ಒಣಗಾಕತ್ತಿತ್ತು.

‘ನೀವು ಬಂದಿರೋದು ನಿಮ್ಮ ಯಜಮಾನ್ರಿಗೆ ಗೊತ್ತಾ?’

‘ಇಲ್ರೀ. ಮಲಗ್ಯಾರ.’

‘ಎಬ್ಬಿಸಿ. ಟೈರ್ ರಬ್ಬರ್ ಹಾಕಿ ಐದು ಗಂಟೆಗೆ ಕಾರು ಇಲ್ಲಿ ತರಲಿ. ನಾನೇ ಓಡಿಸಿ ನೋಡ್ತೀನಿ. ಶಬ್ದ ಇಲ್ಲದಿದ್ರೆ ಅವರ ಹೆಸರೇ ಕಳಿಸ್ತೀನಿ.’

ಮನಿಗೆ ಬಂದು ಇವರ ಮ್ಯಾಲಿನ ಕೌದಿ ಎಳದೆ. ಸಾಹೇಬರು ಅಂದದ್ದು ಹೇಳಿದೆ. ಬೈಕೋತ ಎದ್ದು ಕುಂತ್ರು. ಶೆಡ್ಡಿನ ಹಿಂದಿದ್ದ ಹಳೇ ಲಾರಿ ಟಾಯರ್ ಉರಳಿಸಿಕೊಂಡು ಬಂದು ಅವರ ಮುಂದ ಕೆಡವಿದೆ. ಅವರು ಉಳಿ ತಗೊಂಡ್ರು. ನಾ ಎರಡೂ ಕಾಲು ಕೊಟ್ಟು ಟಾಯರ್ ತುಳದು ಹಿಡದೆ.