ಸಂದರ್ಶನಕ್ಕಿಂತ ಮೊದಲ ಉಕ್ಕಿದ ಹಾಲು

ಆ ಸಂಸ್ಥೆಯಾಗ ಫುಟ್‌ಬಾಲ್ ಕೋಚ್ ಹುದ್ದೆ ಮೂರು ಸಲ ಖಾಲಿ ಆತು. ಮೂರೂ ಸಲ ನನ್ನ ತಮ್ಮನ್ನ ಸಂದರ್ಶನಕ್ಕ ಕರದ್ರು. ಕರದದ್ದು ಕೆಲಸ ಕೊಡಾಕಲ್ಲ. ಕೆಳಗಿನ ಜಾತಿಯವ್ರಾಗ ಒಬ್ಬನ್ನಾದ್ರೂ ಕರದು ಕೂಡಿಸಿ ಮಾತಾಡ್ಸಬೇಕು ಅಂತ ಮ್ಯಾಲಿನ ಆಫೀಸಿನಿಂದ ರೂಲ್ ಬಂದಿತ್ತು. ಕೆಲಸ ಕೊಡಬೇಕು ಅಂತ ರೂಲಿನ್ಯಾಗ ಇರಲಿಲ್ಲ. ಕರೀಬೇಕು, ಅಷ್ಟ. ಕರದ್ರು.

ನಾನು ಅಲ್ಲೇ ಕಸ ಹೊಡೀತಿದ್ದೆ. ಆಫೀಸು, ಆಟಗಾರರ ಖೋಲಿ, ಗ್ರೌಂಡಿನ ಹಿಂದಿನ ಕೋಚರ ಕ್ವಾರ್ಟರ್ಸು, ಮೂರೂ ನನ್ನ ಪಾಲಿಗೆ. ನನ್ನ ತಮ್ಮ ಗ್ರೌಂಡಿನ ಆಳು. ಹೆಸರಿಗೆ ಆಳು. ಸುಣ್ಣದ ಗೆರಿ ಹಾಕೋದು, ಗೋಲಿಗೆ ನೆಟ್ ಕಟ್ಟೋದು, ಬಾಲಿಗೆ ಗಾಳಿ ತುಂಬೋದು ಅವನ ಕೆಲಸ. ಆದ್ರ ಟೀಮಿಗೆ ಆಟ ಕಲಿಸಿದಂವಾ ಅವನ. ಕೋಚ್ ಅಂತ ಬಂದವ್ರಾಗ ಒಬ್ಬ ಗಿಡದ ನೆರಳಿಗೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ದ. ಇನ್ನೊಬ್ಬಂಗ ಬಿಸಲು ಆಗಿಬರ್ತಿರಲಿಲ್ಲ. ನನ್ನ ತಮ್ಮ ಕೋಚಿಂಗ್ ಪರೀಕ್ಷಾನೂ ಪಾಸಾಗಿದ್ದ. ಆ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕ್ಸಿ ಟ್ರಂಕಿನ್ಯಾಗ ಇಟ್ಟಿದ್ದ. ಅದನ್ನ ಯಾರೂ ನೋಡಾಕ ಕೇಳಲಿಲ್ಲ.

ಮೊದಲನೇ ಸಲ ಕೇಳಿದ್ದು ಹೆಸರು, ಊರು. ಎರಡನೇ ಸಲ, "ನಿಮ್ಮಪ್ಪ ಏನು ಮಾಡ್ತಿದ್ದ?" ಎರಡೂ ಸಲ ಚಾ ಆರೋದ್ರೊಳಗ ಮುಗೀತು. ಕಡೀಕ ರಜಿಸ್ಟರ್ ಮುಂದ ಸರಿಸಿ, "ಇಲ್ಲಿ ಸಹಿ ಮಾಡು" ಅಂದ್ರು. ಮಾಡಿ ಬಂದ. ಅವರಿಗೆ ಬೇಕಾಗಿದ್ದು ಆ ಸಹಿ.

ಮೂರನೇ ಸಲ ಕಾಗದ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ. ತಮ್ಮ ಬಿಳಿ ಅಂಗಿ ಇಸ್ತ್ರಿ ಅಂಗಡಿಗೆ ಕೊಟ್ಟು ಬಂದ.

"ಅಕ್ಕಾ, ಈ ಸಲ ಮ್ಯಾಲಿನ ಆಫೀಸಿನ ಸಾಹೇಬ್ರು ಬಂದು ಕೂಡ್ತಾರಂತ. ಸುಳ್ಳು ಮಾಡಾಕ ಬರಂಗಿಲ್ಲ" ಅಂದ.

ನಾನೂ ನಂಬಿದೆ. ಅದಕ್ಕ ಈಗೂ ನನ್ನ ಮ್ಯಾಲೆ ನನಗ ಸಿಟ್ಟು ಬರ್ತೈತಿ.

ಸಂದರ್ಶನ ಸೋಮವಾರ ಹನ್ನೊಂದಕ್ಕಿತ್ತು. ಅವತ್ತ ನಸುಕಿನ್ಯಾಗ ಸಂಸ್ಥೆ ಸೆಕ್ರೆಟರಿ ಹೇಳಿ ಕಳಿಸಿದ, ಲಗೂನ ಬಂದು ಕ್ವಾರ್ಟರ್ಸು ಕಸ ಹೊಡಿ ಅಂತ. ಉಣಕಲ್ಲಿನಿಂದ ಮೊದಲನೇ ಬಸ್ಸಿಗೆ ಹೋದೆ. ಕ್ವಾರ್ಟರ್ಸಿನ ಬಾಗಲದಾಗ ಟೆಂಪೋ ನಿಂತಿತ್ತು. ಗಾದಿ, ಪಾತ್ರಿ, ಹೊಲಿಗಿ ಮಷೀನು ಎಲ್ಲಾ ಕೆಳಗ ಇಳಿಸ್ಯಾರ. ರೇಷ್ಮಿ ಸೀರಿ ಉಟ್ಟ ಒಬ್ಬಾಕಿ ಹೊಸಲಿಗೆ ಅರಿಷಿಣ ಕುಂಕುಮ ಹಚ್ಚಾಕತ್ತಿದ್ಲು.

"ಯಾರ್ರಿ ಬಾಯಾರ ನೀವು?"

"ಹೊಸಾ ಕೋಚರ ಮನಿಯವ್ರು."

"ಸಂದರ್ಶನ ಇನ್ನೂ ಆಗಿಲ್ಲಲ್ರಿ?"

"ಅದು ಹನ್ನೊಂದಕ್ಕಂತ. ಹಾಲುಕ್ಕಿಸಾಕ ಮುಹೂರ್ತ ಏಳಕ್ಕ ಐತಿ, ಏಳೂವರಿಗೆ ರಾಹುಕಾಲ. ಇವತ್ತ ಬಿಟ್ರ ಹದಿನೈದು ದಿನ ಛಲೋ ದಿನ ಇಲ್ಲಂತ."

ಆಕಿ ಮನಸಿನ್ಯಾಗ ಕಪಟ ಇರಲಿಲ್ಲ. ನಮ್ಮ ಸೆಕ್ರೆಟರಿ ಕೀಲಿ ಕೊಟ್ಟಿದ್ದ, ಆಕಿ ಬಂದಿದ್ಲು. ಏಳಕ್ಕ ಹಾಲು ಉಕ್ಕಿತು. ಆಮ್ಯಾಲೆ ಶಾವಿಗಿ ಪಾಯಸ ಮಾಡಿದ್ಲು. ನನ್ನ ಬುತ್ತಿ ಡಬ್ಬಿ ಕೆಳಗ ಇಡಿಸಿ, ತಾಕದಂಗ ಮ್ಯಾಲಿಂದ ಹಾಕಿದ್ಲು. ನಾನು ತಿನ್ನಲಿಲ್ಲ. ಮುಚ್ಚಿ ಇಟ್ಕೊಂಡೆ.

ಹತ್ತೂವರಿಗೆ ತಮ್ಮ ಗೇಟಿಗೆ ಬಂದ. ಇಸ್ತ್ರಿ ಅಂಗಿ, ಎಣ್ಣಿ ಹಚ್ಚಿ ಬಾಚಿದ ತಲಿ, ಕಂಕಳಾಗ ಸರ್ಟಿಫಿಕೇಟು.

"ಹೊಸಾ ಕೋಚು ಹಾಲುಕ್ಕಿಸಿ ಆತು. ಮನಿಗೆ ನಡಿ" ಅಂದೆ.

ಅಂವಾ ನೆಲಾ ನೋಡಿದ. "ಕರದಾರಲ್ಲ ಅಕ್ಕಾ. ಹೋಗಿ ಬರ್ತೇನಿ."

"ಯಾತಕ್ಕ? ಸಹಿ ಹಾಕಾಕ?"

"ಒದರಬ್ಯಾಡ, ಮಂದಿ ನೋಡಾಕತ್ತಾರ."

ಒಳಗ ಹೋದ. ನಾನು ಪಡಸಾಲಿ ಕಸ ಹೊಡಿಯೋ ನೆವ ಮಾಡಿ ಕಿಡಕಿ ಕೆಳಗ ಕುಂತೆ. ನಾಕು ಮಂದಿ ಕುರ್ಚಿ ಮ್ಯಾಲೆ ಕುಂತಿದ್ರು, ಮ್ಯಾಲಿನ ಆಫೀಸಿನ ಸಾಹೇಬ ನಡುವ. ಹೆಸರು ಕೇಳಿದ್ರು, ಊರು ಕೇಳಿದ್ರು. "ಇನ್ನೂ ಗೆರಿ ಹಾಕ್ತಿಯೇನಪಾ?" ಅಂದ ಸೆಕ್ರೆಟರಿ. ನಕ್ಕರು. ರಜಿಸ್ಟರ್ ಸರಿಸಿದ ಸಪ್ಪಳ ಕೇಳಿಸ್ತು.

ನಾನು ಕಸಬರಿಗಿ ಒಗದು ಒಳಗ ಹೋದೆ. ತಿನ್ನೋ ಪದಾರ್ಥ ಹಿಡಕೊಂಡು ಆ ಖೋಲಿಯಾಗ ಹೋಗಾಕ ನನ್ನಂಥಾಕಿಗೆ ಪರವಾನಗಿ ಇರಲಿಲ್ಲ. ಡಬ್ಬಿ ಒಯ್ದು ಆ ಸಾಹೇಬನ ಮುಂದ ಇಟ್ಟೆ.

"ತಗೋರಿ ಸಾಹೇಬ್ರ, ಹೊಸಾ ಕೋಚರ ಮನಿ ಪಾಯಸ. ಏಳಕ್ಕ ಹಾಲುಕ್ಕಿಸಿದ್ರು."

"ಯಾವ ಕೋಚು?"

"ನೀವು ಇನ್ನ ಮ್ಯಾಲೆ ಆರಿಸಬೇಕಲ್ರಿ, ಅವ್ರು."

"ಏ, ಹೊರಗ ನಡಿ!" ಸೆಕ್ರೆಟರಿ ಎದ್ದು ನಿಂತ. ಸಾಹೇಬ ಅವನ್ನ ನೋಡಿ, "ಕ್ವಾರ್ಟರ್ಸಿನ ಕೀಲಿ ಯಾರು ಕೊಟ್ರಿ?" ಅಂದ. ನನ್ನ ತಮ್ಮ ಕೈಯಾಗಿನ ಪೆನ್ನು ಟೇಬಲ್ ಮ್ಯಾಲೆ ಇಟ್ಟ. ಸಹಿ ಮಾಡಲಿಲ್ಲ. ನನ್ನ ಮಾರಿನೂ ನೋಡದ ಹೊರಗ ಹ್ವಾದ.

ಸಂಜಿಮುಂದ ಸೆಕ್ರೆಟರಿ ರಜಿಸ್ಟರ್ ಕಟ್ಕೊಂಡು ನಮ್ಮ ಓಣಿಗೆ ಬಂದ. ಅಷ್ಟು ವರ್ಷದಾಗ ಒಂದ ಸಲಾನೂ ಬಂದಾಂವಲ್ಲ. ಸಹಿ ಇಲ್ಲಂದ್ರ ರೂಲ್ ಪೂರಾ ಆಗಂಗಿಲ್ಲ, ರೂಲ್ ಪೂರಾ ಆಗಲಿಲ್ಲಂದ್ರ ಅವನ ಕುರ್ಚಿಗೆ ಧಕ್ಕಿ.

"ಒಂದ ಒಂದು ಸಹಿಯಪ್ಪಾ" ಅಂದ ಬಾಗಲದಾಗ ನಿಂತು.

"ಒಳಗ ಬರ್ರಿ ಸಾಹೇಬ್ರ, ನೀರು ಕುಡೀರಿ" ಅಂದೆ.

ಬಂದ. ಚಾಪಿ ಮ್ಯಾಲೆ ಕುಂತ. ನನ್ನ ತಂಬಿಗಿ ಎತ್ತಿ ನೀರೂ ಕುಡದ. ಹದಿನೈದು ವರ್ಷ ನಾನು ಮುಟ್ಟಿದ ಗಡಿಗಿ ತೊಳಸ್ತಿದ್ದಾಂವಾ. ಸಹಿ ಬೇಕಾಗಿತ್ತು ನೋಡ್ರಿ, ನೀರು ಗಂಟಲದಾಗ ಸರಳ ಇಳೀತು.

ತಮ್ಮ ಹೇಳಿದ, "ಆಟದ ಬಗ್ಗೆ ನನ್ನ ಒಂದು ಮಾತೂ ಕೇಳಿಲ್ರಿ ಸಾಹೇಬ್ರ. ಕೇಳ್ರಿ, ಸಹಿ ಮಾಡ್ತೇನಿ."

ಮತ್ತ ಸಂದರ್ಶನ ಆಗೂತನಕ ಕ್ವಾರ್ಟರ್ಸು ಖಾಲಿ ಮಾಡ್ರಿ ಅಂದ್ರು, ಹಾಲುಕ್ಕಿಸಿದ ಆ ಬಾಯಿ ಗಾದಿ ಪಾತ್ರಿ ಕಟ್ಕೊಂಡು ತವರಿಗೆ ಹ್ವಾದ್ಲು. ಹದಿನೈದು ದಿನಕ್ಕ ಮತ್ತ ಸಂದರ್ಶನ ಇಟ್ರು. ಅದ ಸಾಹೇಬ ಬಂದ. ನಾನು ಮತ್ತ ಕಿಡಕಿ ಕೆಳಗ. ಈ ಸಲ ಖರೇನ ಕೇಳಿದ್ರು. ಎದುರಿನವ್ರು ಇತ್ತಾಗಿಂದ ನುಗ್ಗಿದ್ರ ಏನು ಮಾಡ್ತಿ, ಮಳಿಗಾಲದಾಗ ಹೆಂಗ ಆಡಿಸ್ತಿ, ಗೋಲ್ ಕಾಯೋ ಹುಡುಗಗ ಪೆಟ್ಟಾದ್ರ ಯಾರನ್ನ ನಿಲ್ಲಸ್ತಿ. ನನ್ನ ತಮ್ಮ ಎದ್ದು ಟೇಬಲ್ ಮ್ಯಾಲಿನ ಚಾದ ಕಪ್ಪು ಬಸಿ ಸರಿಸಿ, ಇಂವಾ ಇಲ್ಲಿ, ಅಂವಾ ಅಲ್ಲಿ ಅಂತ ತೋರಿಸಾಕ ಶುರು ಮಾಡಿದ. ಮುಕ್ಕಾಲು ತಾಸಾತು. ಯಾರೂ ನಗಲಿಲ್ಲ. ಸಹಿ ಮಾಡಿದ.

ಕೆಲಸ ಆ ಬಾಯಿ ಗಂಡಗ ಆತು. ರೂಲ್ ಪೂರಾ ಆಗಿತ್ತು, ಸಾಹೇಬಂಗೂ ಅಷ್ಟ ಬೇಕಾಗಿತ್ತು. ಪಾಯಸ ಒಯ್ದದ್ದಕ್ಕ ನನ್ನ ಆಫೀಸಿನಿಂದ ತಗದು ಸಂಡಾಸ ತೊಳಿಯಾಕ ಹಚ್ಚಿದ್ರು. ತೊಳದೆ, ಅದಕ್ಕೇನು.

ನನಗ ತಡೀದಿದ್ದು ಬ್ಯಾರೆ. ಕೆಲಸ ಸಿಗಲಿಲ್ಲ ಅಂತ ಗೊತ್ತಾದ ದಿನಾನೂ ನನ್ನ ತಮ್ಮ ಉಣ್ಣಾಕ ಕುಂತು, ರೊಟ್ಟಿ ತುಕಡಿ ಆಕಡೆ ಈಕಡೆ ಸರಿಸಿ, "ಹಿಂಗ ತೋರಿಸಿದೆ ಅಕ್ಕಾ, ಎಲ್ಲಾರೂ ನೋಡಿದ್ರು" ಅಂತ ನಗಾಕತ್ತಿದ್ದ. ಮುಕ್ಕಾಲು ತಾಸು ಕೇಳಿದ್ರು ಅನ್ನೋದ ಅಂವಗ ಸಾಕಾಗಿತ್ತು. ಇಷ್ಟು ವರ್ಷ ಕಲಿಸಿದಾಂವಾ, ಕೇಳಿದ್ದಕ್ಕ ಖುಷಿ ಪಡ್ತಾನ! ಅವನ ಕೈಯಾಗಿನ ರೊಟ್ಟಿ ಕಸಗೊಂಡು ತಾಟಿಗೆ ಒಗದೆ. "ಸುಮ್ಮನ ಉಣ್ಣು" ಅಂದೆ.

ಮರುದಿನ ಸುಣ್ಣದ ಬಕೀಟು ತಗೊಂಡು ಹೊಸಾ ಕೋಚಿನ ಸಲುವಾಗಿ ಗ್ರೌಂಡಿಗೆ ಗೆರಿ ಹಾಕಿದ. ಯಾವತ್ತಿನಂಗ ನೆಟ್ಟಗ ಹಾಕಿದ. ನಾನಾಗಿದ್ರ ಸೊಟ್ಟ ಹಾಕ್ತಿದ್ದೆ.